ಕೆ.ಜಿ. ಬೇಡ, ಗೆರೆ ತೋರಿಸಿ

ನಮಸ್ಕಾರ. ಇವತ್ತು ಮಕ್ಕಳ ನಿದ್ದೆಯ ಬಗ್ಗೆ ಮಾತನಾಡಬೇಕಿತ್ತು. ಆದರೆ ಕಳೆದ ಸಂಚಿಕೆಗೆ ಬಂದ ಒಂದು ಕಮೆಂಟ್ ನನ್ನ ನಿದ್ದೆಯನ್ನೇ ಕೆಡಿಸಿದೆ. ‘ಮಗಳಿಗೆ ಒಂದೂವರೆ ವರ್ಷ, ತೂಕ 9.2 ಕೆ.ಜಿ. ಮೇಲಿನ ಮನೆಯ ಮಗು 12 ಕೆ.ಜಿ. ಇದೆ. ಯಾವ ಪೌಡರ್ ಕೊಡಲಿ?’ ಕೆಳಗೆ ಉತ್ತರಗಳ ಸಂತೆ. ಪೌಡರಿನ ಹೆಸರು ಹೇಳಿದವರೇ ಎಲ್ಲರೂ. ಹೋದ ಸಲ ಎಷ್ಟಿತ್ತು ಎಂದು ಕೇಳಿದವರು ಒಬ್ಬರೂ ಇಲ್ಲ.

ಹೋದ ಸಲ ಎಷ್ಟಿತ್ತು? ತೂಕದ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ. ನಿಮ್ಮ ‘ತಾಯಿ ಕಾರ್ಡ್’, ಅಂದರೆ ತಾಯಿ-ಮಗುವಿನ ಆರೋಗ್ಯ ದಾಖಲೆಯಲ್ಲಿ, ಬೆಳವಣಿಗೆಯ ನಕ್ಷೆ ಇದೆ, ಹೆಣ್ಣು ಮಗುವಿಗೆ ಬೇರೆ, ಗಂಡು ಮಗುವಿಗೆ ಬೇರೆ. ಅಂಗನವಾಡಿ ಕಾರ್ಯಕರ್ತೆ ತೂಕ ನೋಡಿ ಅದರಲ್ಲಿ ಚುಕ್ಕೆ ಇಡುತ್ತಾರೆ. ಚುಕ್ಕೆಗಳನ್ನು ಸೇರಿಸಿದರೆ ಗೆರೆ. ಆ ಗೆರೆ ಅಚ್ಚಾದ ವಕ್ರರೇಖೆಗಳ ಜೊತೆಜೊತೆಗೇ ಮೇಲೇರುತ್ತಿದ್ದರೆ, ಕೆಳಗಿನ ಸಾಲಿನಲ್ಲಿದ್ದರೂ ಮಗು ತನ್ನ ದಾರಿಯಲ್ಲಿ ಬೆಳೆಯುತ್ತಿದೆ. ಗೆರೆ ಮಲಗಿತೋ, ಇಳಿಯಿತೋ, ಆಗ ಹೆದರಿ. ಹದಿನೆಂಟು ತಿಂಗಳ ಹೆಣ್ಣು ಮಗುವಿನ ಮಧ್ಯಮ ತೂಕ 10.2 ಕೆ.ಜಿ., ಕಡಿಮೆ ತೂಕ ಎನ್ನುವ ಗಡಿ 8.1. ಈ ತಾಯಿಯ ಮಗಳು ಆರಾಮವಾಗಿ ನಡುವೆ ಇದ್ದಾಳೆ. ಆ 12 ಕೆ.ಜಿ.ಯ ಮಗು ಮೂರು ತಿಂಗಳಿಂದ ಅದೇ 12ರಲ್ಲಿ ನಿಂತಿದ್ದರೆ? ಪರೀಕ್ಷೆ ಆಗಬೇಕಾದದ್ದು ಅದಕ್ಕೆ! ಆದರೆ ಗುಂಡಗಿರುವ ಮಗುವನ್ನು ಯಾರು ಅನುಮಾನಿಸುತ್ತಾರೆ?

ಅಂದಹಾಗೆ, ರಾಗಿ ಸರಿ ಮಾಡುವ ನಮ್ಮ ವಿಡಿಯೊವನ್ನು ಇನ್ನೂ ನೋಡದಿದ್ದರೆ ಲಿಂಕ್ ಕೆಳಗಿದೆ. ಪೌಡರ್ ಕಂಪನಿಗಳು ನನಗೆ ಪ್ರಾಯೋಜಕತ್ವ ಕೊಡುವುದಿಲ್ಲ. ಕಾರಣ ನಿಮಗೆ ಗೊತ್ತಾಗಿರಬೇಕು.

ಈಗ ಒಬ್ಬರು ಬರುತ್ತಾರೆ: ‘ಸರ್, ಆ ಚಾರ್ಟ್ ವಿದೇಶಿಯರದ್ದು, ನಮ್ಮ ಮಕ್ಕಳು ಹುಟ್ಟಿನಿಂದಲೇ ಸಣ್ಣ.’ ಸ್ವಾಮಿ, ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಆ ಚಾರ್ಟಿನ ಮಾನದಂಡ ಪ್ರಕಟಿಸುವ ಮೊದಲು ಆರು ದೇಶಗಳಲ್ಲಿ ಮಕ್ಕಳನ್ನು ಅಳೆಯಿತು: ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ಮತ್ತು ಭಾರತ. ದೆಹಲಿಯ ಮಕ್ಕಳು ಅದರಲ್ಲಿದ್ದಾರೆ. ದೆಹಲಿಯೂ ವಿದೇಶ ಎನ್ನುವವರ ಜೊತೆ ನಾನು ವಾದಿಸುವುದಿಲ್ಲ.

ಇನ್ನೊಬ್ಬರು: ‘ನಮ್ಮ ಕಾಲದಲ್ಲಿ ಚಾರ್ಟ್ ಎಲ್ಲಿತ್ತು, ನಾವು ಬೆಳೆಯಲಿಲ್ಲವೇ?’ ಬೆಳೆದಿರಿ. ಬೆಳೆಯದೆ ಹೋದವರು ಕಮೆಂಟ್ ಹಾಕಲು ಬರುವುದಿಲ್ಲವಲ್ಲ! ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅವರ ಗೆರೆಗಳನ್ನು ಯಾರು ನೋಡಿದರು?

ನಡಿಗೆ, ಮಾತಿಗೂ ಇದೇ ನ್ಯಾಯ. ‘ಪಕ್ಕದ ಮನೆಯವನು ಹತ್ತು ತಿಂಗಳಿಗೇ ನಡೆದ’ ಎನ್ನುತ್ತಾರೆ. ನಡೆಯಲಿ, ಓಡಲಿ, ಬೇಕಿದ್ದರೆ ಮ್ಯಾರಥಾನ್‌ಗೂ ಹೋಗಲಿ. ಆಧಾರವಿಲ್ಲದೆ ನಡೆಯಲು ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಅವಧಿ 8.2ರಿಂದ 17.6 ತಿಂಗಳು. ಎಷ್ಟು ಅಗಲವಾದ ಬಾಗಿಲು ನೋಡಿ! ಅದು ಮುಚ್ಚಿದ ಮೇಲೂ ನಡೆಯದಿದ್ದರೆ ವೈದ್ಯರಿಗೆ ಹೇಳಿ. ಒಂದೂವರೆ ವರ್ಷವಾದರೂ ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿದ್ದರೆ ಹೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಆಡುತ್ತಿದ್ದ ಮಾತು ನಿಂತುಹೋದರೆ, ಕಲಿತದ್ದು ಮರೆತರೆ, ಅದೇ ದಿನ ಹೇಳಿ. ಅದೂ ಗೆರೆ ಇಳಿದಂತೆಯೇ. ಅದಕ್ಕೆ ಕೆ.ಜಿ. ಲೆಕ್ಕವಿಲ್ಲ ಎಂದು ಯಾರೂ ಗಮನಿಸುವುದಿಲ್ಲ.

ಹಾಂ, ಎರಡು ವರ್ಷಕ್ಕೆ ‘ಮಗು ಕುಳ್ಳಗಾಯಿತು’ ಎಂದು ಅಳುವವರಿಗೆ: ಅಲ್ಲಿಯವರೆಗೆ ಮಲಗಿಸಿ ಅಳೆಯುತ್ತಾರೆ, ಆಮೇಲೆ ನಿಲ್ಲಿಸಿ. ಸುಮಾರು 0.7 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಮಗು ಕುಗ್ಗಿಲ್ಲ.

ಗೆರೆ ನೋಡಿ! ಇನ್ನೇನು ಹೇಳಲಿ, ಗೆರೆ ನೋಡಿ! ಲಸಿಕೆಗೆ ಹೋದಾಗ ಕಾರ್ಡ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ‘ತೂಕ ಎಷ್ಟಾಯಿತು’ ಎಂದು ಅತ್ತೆಗೆ ಫೋನ್ ಮಾಡಬೇಡಿ. ಅತ್ತೆಯರು ಬೈಯಬೇಡಿ, ನಿಮ್ಮಲ್ಲೂ ನಮ್ಮ ಕೇಳುಗರಿದ್ದಾರೆ.

ಮುಂದಿನ ವಾರ, ದಿನವಿಡೀ ಹಸುವಿನ ಹಾಲು ಕುಡಿಸಿ ಊಟ ಬಿಡಿಸಿ ಮಕ್ಕಳಿಗೆ ರಕ್ತಹೀನತೆ ತರುವವರ ಸರದಿ. ಅದಕ್ಕೂ ಜಗಳಕ್ಕೆ ಬರುತ್ತೀರಿ, ಗೊತ್ತು. ಬನ್ನಿ, ಆದರೆ ಮೊದಲು ಚಂದಾದಾರರಾಗಿ.