ಗಣಿ ಮುಚ್ಚಿತು, ಕ್ಲಬ್ ಬಿಡಲಿಲ್ಲ: ಫೆದರ್‌ಸ್ಟನ್ ರೋವರ್ಸ್ ಕಥೆ

ಕೇಳುಗರಿಗೆ ನಮಸ್ಕಾರ. ಇಂಗ್ಲೆಂಡಿನ ಆಟ ಅಂದರೆ ನಮಗೆ ನೆನಪಾಗುವುದು ಕ್ರಿಕೆಟ್ಟು, ಫುಟ್‌ಬಾಲ್, ಜಾಸ್ತಿ ಅಂದರೆ ವಿಂಬಲ್ಡನ್. ಇವತ್ತು ನಾನು ಹೇಳುವುದು ರಗ್ಬಿ ಲೀಗ್ ಆಡುವ ಒಂದು ಸಣ್ಣ ಊರಿನ ಕಥೆ. ವೆಸ್ಟ್ ಯಾರ್ಕ್‌ಷೈರಿನ ಫೆದರ್‌ಸ್ಟನ್ ಅಂತ ಊರು. ಜನಸಂಖ್ಯೆ ಸುಮಾರು 15 ಸಾವಿರ, ನಮ್ಮಲ್ಲಾದರೆ ಒಂದು ಹೋಬಳಿ ಕೇಂದ್ರದಷ್ಟು. ಅಲ್ಲಿನ ಫೆದರ್‌ಸ್ಟನ್ ರೋವರ್ಸ್ ತಂಡ ರಗ್ಬಿ ಲೀಗಿನ ಅತಿ ಹಳೆಯ, ಅತಿ ಮಾನದ ಚಾಲೆಂಜ್ ಕಪ್ಪನ್ನು ಮೂರು ಸಲ ಗೆದ್ದಿದೆ.

ಮೊದಲು ಆಟದ ಬಗ್ಗೆ ಎರಡು ಮಾತು. ರಗ್ಬಿಯಲ್ಲಿ ಎರಡು ಬಗೆ ಇದೆ. ಯೂನಿಯನ್‌ನಲ್ಲಿ ತಂಡಕ್ಕೆ ಹದಿನೈದು ಜನ, ಲೀಗಿನಲ್ಲಿ ಹದಿಮೂರು. ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಕಬಡ್ಡಿಯಲ್ಲಿ ರೈಡರನ್ನು ಹಿಡಿದಂತೆ ಹಿಡಿದು ಕೆಡವುತ್ತಾರೆ, ಅವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ ಆಟ ಮುಂದುವರಿಸುತ್ತಾನೆ. ಹೀಗೆ ಆರು ಸಲ ಹಿಡಿಸಿಕೊಂಡರೆ ಚೆಂಡು ಎದುರು ತಂಡದ ಪಾಲು.

ಈ ಎರಡು ಬಗೆ ಬೇರೆಯಾಗಿದ್ದು ಆಟದ ಕಾರಣಕ್ಕಲ್ಲ, ಕೂಲಿಯ ಕಾರಣಕ್ಕೆ. ಶನಿವಾರ ಗಣಿ ಅಥವಾ ಗಿರಣಿ ಕೆಲಸ ಬಿಟ್ಟು ಆಡಲು ಬಂದವನಿಗೆ ಆ ದಿನದ ಸಂಬಳ ಹೋಗುತ್ತಿತ್ತು. ಅದನ್ನು ತುಂಬಿಕೊಡಿ ಎಂದು ಉತ್ತರದ ಕ್ಲಬ್‌ಗಳು ಕೇಳಿದವು. ಆಟಕ್ಕೆ ದುಡ್ಡು ಕೊಡುವಂತಿಲ್ಲ ಅಂದಿತು ರಗ್ಬಿ ಆಡಳಿತ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಆ ಕ್ಲಬ್‌ಗಳು ಹೊರಬಂದವು. ನನ್ನ ಮಟ್ಟಿಗೆ ಇದು ಕ್ರೀಡೆಯ ಚರಿತ್ರೆಗಿಂತ ಕಾರ್ಮಿಕರ ಚರಿತ್ರೆಗೆ ಸೇರಿದ ದಿನ.

ಅದಕ್ಕೆ ಎರಡು ವರ್ಷ ಮೊದಲು, 1893ರ ಸೆಪ್ಟೆಂಬರಿನಲ್ಲಿ, ಇದೇ ಫೆದರ್‌ಸ್ಟನ್ನಿನ ಆಕ್ಟನ್ ಹಾಲ್ ಕಲ್ಲಿದ್ದಲು ಗಣಿಯ ಮುಂದೆ ಗುಂಡು ಹಾರಿತ್ತು. ಕಡಿಮೆ ಕೂಲಿಗೆ ಒಪ್ಪದ ಗಣಿ ಕೆಲಸಗಾರರನ್ನು ಮಾಲೀಕರು ಹೊರಗಿಟ್ಟಿದ್ದರು. ಜನ ಸೇರಿದರು, ಸೈನಿಕರು ಬಂದರು. ಜೇಮ್ಸ್ ಗಿಬ್ಸ್ ಮತ್ತು ಜೇಮ್ಸ್ ಡಗ್ಗನ್ ಸತ್ತರು. ಇಂಥ ಊರಿನಲ್ಲಿ 1902ರಲ್ಲಿ ರೋವರ್ಸ್ ಹುಟ್ಟಿತು, 1921ರಲ್ಲಿ ದೊಡ್ಡ ಲೀಗಿಗೆ ಸೇರಿತು. ಆಟಗಾರರಲ್ಲಿ ಬಹಳಷ್ಟು ಜನ ಗಣಿಗೆ ಇಳಿಯುವವರೇ. ಹಾಗಾಗಿ ತಂಡವನ್ನು ಜನ ಕರೆದದ್ದು ‘ಕಾಲಿಯರ್ಸ್’, ಅಂದರೆ ಗಣಿಯವರು ಅಂತ. ಒಳ್ಳೆ ಫಾರ್ವರ್ಡ್, ಅಂದರೆ ಮುಂದೆ ನಿಂತು ಆಡುವ ಗಟ್ಟಿ ಆಟಗಾರ, ಬೇಕಾದರೆ ಗಣಿಯ ಬಾಯಲ್ಲಿ ನಿಂತು ಕೂಗಿದರೆ ಸಾಕು, ಒಬ್ಬ ಮೇಲೆ ಬರುತ್ತಾನೆ ಅನ್ನುವ ಮಾತು ಆ ಸೀಮೆಯಲ್ಲೆಲ್ಲ ಇತ್ತು.

1967ರಲ್ಲಿ ಬ್ಯಾರೋ ತಂಡವನ್ನು 17–12ರಿಂದ ಸೋಲಿಸಿ ಮೊದಲ ಚಾಲೆಂಜ್ ಕಪ್. 1973ರಲ್ಲಿ ಬ್ರಾಡ್‌ಫರ್ಡ್ ನಾರ್ದರ್ನ್ ಮೇಲೆ 33–14, ಅದರಲ್ಲಿ ಸಿರಿಲ್ ಕೆಲ್ಲೆಟ್ ಒಬ್ಬನೇ ಎಂಟು ಗೋಲು ಒದ್ದ. ಇಲ್ಲಿ ಗೋಲು ಅಂದರೆ ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಚೆಂಡು ಒದೆಯುವುದು. 1977ರಲ್ಲಿ ಲೀಗ್ ಚಾಂಪಿಯನ್ ಕೂಡ ಆದರು.

ಆದರೆ 1983ರ ಫೈನಲ್ಲೇ ಬೇರೆ. ಎದುರಿಗೆ ಹಲ್ ತಂಡ, ಆ ವರ್ಷದ ಲೀಗ್ ಚಾಂಪಿಯನ್. ರೋವರ್ಸ್ ಗೆಲ್ಲುತ್ತದೆ ಅಂತ ಹೊರಗಿನವರು ಯಾರೂ ಎಣಿಸಿರಲಿಲ್ಲ. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ 84 ಸಾವಿರಕ್ಕೂ ಜಾಸ್ತಿ ಜನ, ಅಂದರೆ ಇಡೀ ಫೆದರ್‌ಸ್ಟನ್ನಿನ ಐದು ಪಟ್ಟು. ಡೇವಿಡ್ ಹಾಬ್ಸ್ ಎರಡು ಟ್ರೈ ಗಳಿಸಿದ, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದ. ಆಗ ಒಂದು ಟ್ರೈಗೆ ಮೂರೇ ಅಂಕ. ಸ್ಟೀವ್ ಕ್ವಿನ್ ಗೋಲು ಒದೆಯುತ್ತಾ ಹೋದ. ಹಲ್ ಮುಂದೆ ಹೋಯಿತು, ಇವರು ಹಿಡಿದರು, 12–12. ಕೊನೆಯ ನಿಮಿಷಗಳಲ್ಲಿ ಹಲ್ ಆಟಗಾರನೊಬ್ಬ ಫೌಲ್ ಮಾಡಿದ್ದಕ್ಕೆ ರೋವರ್ಸ್‌ಗೆ ಪೆನಾಲ್ಟಿ ಸಿಕ್ಕಿತು. ಕ್ವಿನ್ ಒದ್ದ. 14–12. ಕಪ್ ಗಣಿ ಊರಿಗೆ ಬಂತು.

ಮುಂದಿನ ಮಾರ್ಚ್‌ನಲ್ಲೇ ಗಣಿ ಕೆಲಸಗಾರರ ದೊಡ್ಡ ಮುಷ್ಕರ ಶುರುವಾಯಿತು. ಒಂದು ವರ್ಷ ನಡೆಯಿತು, ಸೋತಿತು. ಅದರ ನಂತರ ಮುಚ್ಚಿದ ಮೊದಲ ಗಣಿ ಯಾವುದು ಗೊತ್ತಾ? ಆಕ್ಟನ್ ಹಾಲ್, 1985ರಲ್ಲಿ. ಊರಿಗೆ ಕೂಲಿ ಕೊಡುತ್ತಿದ್ದದ್ದು ಹೋಯಿತು, ತಂಡಕ್ಕೆ ಆಟಗಾರರನ್ನು ಕೊಡುತ್ತಿದ್ದದ್ದೂ ಹೋಯಿತು.

ಹತ್ತು ವರ್ಷದ ನಂತರ ಇನ್ನೊಂದು ಪೆಟ್ಟು. 1995ರಲ್ಲಿ ಟಿವಿ ಕಂಪನಿಯ ದೊಡ್ಡ ದುಡ್ಡಿನೊಂದಿಗೆ ಸೂಪರ್ ಲೀಗ್ ಎಂಬ ಹೊಸ ಮೇಲ್ಮಟ್ಟದ ಲೀಗಿನ ಯೋಜನೆ ಬಂತು. ಅದಕ್ಕೆ ಕ್ಲಬ್‌ಗಳು ಕಡಿಮೆ ಇರಬೇಕು, ದೊಡ್ಡದಾಗಿರಬೇಕು. ಫೆದರ್‌ಸ್ಟನ್, ಕ್ಯಾಸಲ್‌ಫರ್ಡ್, ವೇಕ್‌ಫೀಲ್ಡ್ ಮೂರನ್ನೂ ಸೇರಿಸಿ ‘ಕಾಲ್ಡರ್’ ಅಂತ ಒಂದೇ ಕ್ಲಬ್ ಮಾಡೋಣ ಅಂದರು. ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು, ಮೂರೂ ಊರು ಅಕ್ಕಪಕ್ಕದವೇ. ಆದರೆ ತಲೆಮಾರುಗಳಿಂದ ಆ ಇನ್ನೆರಡು ಊರನ್ನು ಸೋಲಿಸುವುದೇ ಹಬ್ಬ ಅಂದುಕೊಂಡವರಿಗೆ, ನಾಳೆಯಿಂದ ಅವರೂ ನೀವೂ ಒಂದೇ ಅಂದರೆ ಹೇಗೆ? ಫೆದರ್‌ಸ್ಟನ್ನಿನ ಜನ ಬೀದಿಗೆ ಬಂದರು, ಬೇಡ ಅಂದರು. ಯೋಜನೆ ಬಿತ್ತು. ರೋವರ್ಸ್ ಉಳಿಯಿತು, ಆದರೆ ಸೂಪರ್ ಲೀಗಿನ ಹೊರಗೆ. ಜನ ಮಾಡಿದ್ದು ಸರಿ ಅಂತಲೇ ನನಗೆ ಅನ್ನಿಸುತ್ತದೆ. ಸೇರಿಸಿದ್ದರೆ ದುಡ್ಡು ಬರುತ್ತಿತ್ತು, ನಿಜ, ಆದರೆ ಊರಿನ ಹೆಸರು ಹೊತ್ತ ತಂಡ ಇರುತ್ತಿರಲಿಲ್ಲ.

ಅದಕ್ಕೆ ತೆತ್ತ ಬೆಲೆ ಮಾತ್ರ ಕಡಿಮೆಯಲ್ಲ. 1998ರಲ್ಲಿ ಮೇಲೇರುವ ಅವಕಾಶ ಕೈಗೆ ಬಂದಿತ್ತು. ಫೈನಲ್ಲಿನಲ್ಲಿ ಎದುರಾಳಿ ಅದೇ ವೇಕ್‌ಫೀಲ್ಡ್. 24–22ಕ್ಕೆ ಸೋತರು. ವೆಂಬ್ಲಿಯಲ್ಲಿ ಗೆದ್ದದ್ದೂ ಎರಡು ಅಂಕದಿಂದ, ಇಲ್ಲಿ ತಪ್ಪಿದ್ದೂ ಎರಡು ಅಂಕದಿಂದ. 2019ರಲ್ಲಿ ಮತ್ತೆ ಫೈನಲ್, ಈ ಸಲ ಕೆನಡಾದ ಟೊರಾಂಟೊ ತಂಡ ತಡೆಯಿತು. 2021ರಲ್ಲಿ ಫ್ರಾನ್ಸಿನ ಟುಲೂಸ್ ತಡೆಯಿತು. ಆದರೆ ಅದೇ 2021ರ ಜುಲೈಯಲ್ಲಿ ರೋವರ್ಸ್ ಮತ್ತೆ ವೆಂಬ್ಲಿಗೆ ಹೋಗಿ, ಯಾರ್ಕ್ ತಂಡವನ್ನು 41–34ರಿಂದ ಸೋಲಿಸಿ ಒಂದು ಕಪ್ ತಂದಿತು. ಸೂಪರ್ ಲೀಗಿನ ಕೆಳಗಿನ ಕ್ಲಬ್‌ಗಳಿಗೆಂದೇ ಇಟ್ಟ ಆ ಕಪ್ಪಿನ ಹೆಸರು ‘1895 ಕಪ್’, ಹೋದ ಕೂಲಿ ತುಂಬಿಕೊಡಿ ಎಂದು ಕೇಳಿ ಹೊರಬಂದ ಆ ವರ್ಷದ ಹೆಸರು. ನಮಸ್ಕಾರ.