ಒಂದು ಕಾಫಿಗೆ ಮೂರು ಹೆಸರು

ಕಾಫಿ ಕೇಳುವಾಗಲೇ ಎಡವಟ್ಟು ಮಾಡಿಕೊಂಡೆ.

ಹೋದ ವಾರ ಕ್ರೊಯೇಷಿಯಾದ ರಾಜಧಾನಿ ಝಾಗ್ರೆಬ್‌ನಲ್ಲಿದ್ದೆ. ಅಲ್ಲಿ ಕಾಫಿಗೆ ‘ಕಾವಾ’ ಅನ್ನುತ್ತಾರೆ. ಅದನ್ನೇ ಬಾಯಿಪಾಠ ಮಾಡಿಕೊಂಡು ಬೋಸ್ನಿಯಾದ ರಾಜಧಾನಿ ಸರಾಯೆವೊಗೆ ಬಂದು, ಇಲ್ಲಿನ ಹಳೇ ಪೇಟೆ ಬಾಶ್ಚಾರ್ಶಿಯಾದಲ್ಲಿ ಜಂಬದಿಂದ ‘ಕಾವಾ’ ಅಂತ ಕೇಳಿದೆ. ಕೆಫೆಯವರು ನಕ್ಕುಬಿಟ್ಟರು. ‘ಇಲ್ಲಿ ಅದು ಕಾಹ್ವಾ’ ಅಂದರು. ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ಗೆ ಹೋದರೆ ‘ಕಾಫಾ’ ಅಂತೆ. ಸರಾಯೆವೊದಲ್ಲೂ ‘ಕಾಫಾ’ ಅನ್ನುವವರು ಬೇಕಾದಷ್ಟು ಜನ ಇದ್ದಾರೆ ಅನ್ನುವುದು ಆಮೇಲೆ ಗೊತ್ತಾಯಿತು. ಅಂದರೆ ಅವರು ಕಲಿಸಿದ್ದು ಬರೀ ಪದವನ್ನಲ್ಲ. ನಾನು ಯಾವ ದೇಶದಲ್ಲಿ ಕೂತಿದ್ದೇನೆ ಅನ್ನುವುದನ್ನು.

ಇಲ್ಲಿನ ಸಿಗರೇಟು ಪ್ಯಾಕೆಟ್ಟಿನ ಮೇಲೆ ಒಂದು ಜೋಕ್ ಇದೆ. ಜೋಕ್ ಅಂದರೂ ನಿಜ ಸಂಗತಿಯೇ. ‘ಧೂಮಪಾನ ಕೊಲ್ಲುತ್ತದೆ’ ಅನ್ನುವ ಎಚ್ಚರಿಕೆಯನ್ನು ಮೂರು ಭಾಷೆಗಳಲ್ಲಿ ಹಾಕುತ್ತಿದ್ದರು: ಬೋಸ್ನಿಯನ್, ಕ್ರೊಯೇಷಿಯನ್, ಸರ್ಬಿಯನ್. ಮೊದಲ ಸಾಲು ‘ಪುಶೆನ್ಯೆ ಉಬಿಯಾ’. ಎರಡನೆಯದೂ ‘ಪುಶೆನ್ಯೆ ಉಬಿಯಾ’. ಮೂರನೆಯದೂ ಅದೇ, ಲಿಪಿ ಮಾತ್ರ ಸಿರಿಲಿಕ್. ಒಂದೇ ಮಾತನ್ನು ಒಂದೇ ಪ್ಯಾಕೆಟ್ ಮೇಲೆ ಮೂರು ಸಲ ಹೇಳಬೇಕಾದ ದೇಶ ಇದು.

ಮಾತು ಒಂದೇ ಆದಮೇಲೆ ಮೂರು ಜನಾಂಗ ಆಗಿದ್ದಾದರೂ ಹೇಗೆ? ಇವತ್ತಿನ ವಿಡಿಯೋ ಪೂರ್ತಿ ಇದರ ಬಗ್ಗೆಯೇ.

ಈಗ ನೀವು ನೋಡುತ್ತಿರುವುದು ಫೆರ್ಹಾದಿಯಾ ಬೀದಿ. ನೆಲದಲ್ಲಿ ಒಂದು ಗೆರೆ ಇದೆ, ನೋಡಿ. ಪೂರ್ವಕ್ಕೆ ಮುಖ ಮಾಡಿದರೆ ಆಟೋಮನ್ನರ ಕಾಲದ ಗಿಡ್ಡ ಅಂಗಡಿಗಳು, ತಾಮ್ರದ ಪಾತ್ರೆಗಳು. ಪಶ್ಚಿಮಕ್ಕೆ ತಿರುಗಿದರೆ ವಿಯೆನ್ನಾದಿಂದ ಎತ್ತಿಕೊಂಡು ಬಂದಂತಿರುವ ಎತ್ತರದ ಕಟ್ಟಡಗಳು. ನಾನು ಕ್ಯಾಮೆರಾ ಹಿಡಿದು ಸುಮ್ನೆ ಒಂದು ಸುತ್ತು ಹಾಕಿದೆ. 16ನೇ ಶತಮಾನದ ಗಾಜಿ ಹುಸ್ರೆವ್ ಬೇಗ್ ಮಸೀದಿ, 1889ರ ಕ್ಯಾಥೊಲಿಕ್ ಕೆಥೆಡ್ರಲ್, ಹಳೇ ಆರ್ಥೊಡಾಕ್ಸ್ ಚರ್ಚ್, ಮತ್ತೆ ಒಂದು ಹಳೇ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಎಲ್ಲವೂ ನಡೆದೇ ಹೋಗುವಷ್ಟು ಹತ್ತಿರ. ಸಿನಗಾಗ್ ಕಥೆ ಕೊನೆಗೆ ಹೇಳುತ್ತೇನೆ.

ನೋಡಲು ಚಂದ. ಪ್ರವಾಸಿಗಳು ‘ಎಷ್ಟು ಸಾಮರಸ್ಯ’ ಅಂತ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮೊದಲ ದಿನ ನಾನೂ ಅದನ್ನೇ ಮಾಡಿದ್ದು.

ಬೋಸ್ನಿಯಾ 1463ರಲ್ಲಿ ಆಟೋಮನ್ನರ ಕೈಗೆ ಬಂತು. ಆಮೇಲಿನ ದಿನಗಳಲ್ಲಿ ಇಲ್ಲಿನ ಸ್ಲಾವ್ ಜನರಲ್ಲಿ ಬಹಳ ಮಂದಿ ನಿಧಾನವಾಗಿ ಮುಸ್ಲಿಮರಾದರು. ಉಳಿದವರು ಕ್ಯಾಥೊಲಿಕ್ ಅಥವಾ ಆರ್ಥೊಡಾಕ್ಸ್ ಆಗಿಯೇ ಇದ್ದರು. ಆಟೋಮನ್ನರು ಪ್ರಜೆಗಳನ್ನು ಲೆಕ್ಕ ಹಾಕಿದ್ದು ಭಾಷೆಯಿಂದಲ್ಲ, ಧರ್ಮದಿಂದ. ಮುಸ್ಲಿಮರಲ್ಲದವರಿಗೆ ಬೇರೆ ತೆರಿಗೆ. ಮದುವೆ, ಆಸ್ತಿ ಹಂಚಿಕೆಯಂಥ ವಿಷಯಗಳನ್ನು ಆಯಾ ಸಮುದಾಯದ ಧರ್ಮಗುರುಗಳೇ ನೋಡಿಕೊಳ್ಳುತ್ತಿದ್ದರು. ಹೀಗೆ ನಾಲ್ಕು ಶತಮಾನ ನಡೆಯಿತು. ಪಕ್ಕದ ಮನೆಯವರ ಮಾತು ನಿಮ್ಮದೇ, ಆದರೆ ಅವರ ಮದುವೆ ಬೇರೆ ಕಡೆ, ಸ್ಮಶಾನ ಬೇರೆ, ಹಬ್ಬ ಬೇರೆ, ಮಕ್ಕಳ ಹೆಸರೂ ಬೇರೆ.

ಇಷ್ಟಾದರೂ ಅದು ಧರ್ಮ, ಅಷ್ಟೇ. ಜನಾಂಗ ಆಗಿರಲಿಲ್ಲ. 19ನೇ ಶತಮಾನದಲ್ಲಿ ಯುರೋಪಿನ ತುಂಬ ‘ನಾವು ಯಾರು’ ಅನ್ನುವ ಪ್ರಶ್ನೆ ಎದ್ದಾಗ ಚಿತ್ರ ಬದಲಾಯಿತು. ಆರ್ಥೊಡಾಕ್ಸ್ ಜನ ಬೆಲ್‌ಗ್ರೇಡ್ ಕಡೆ ನೋಡಿ ‘ನಾವು ಸರ್ಬರು’ ಅಂದರು. ಕ್ಯಾಥೊಲಿಕರು ಝಾಗ್ರೆಬ್ ಕಡೆ ನೋಡಿ ‘ನಾವು ಕ್ರೊಯೇಟರು’ ಅಂದರು. ತಮಾಷೆ ಏನು ಗೊತ್ತಾ? ಇದೇ ಹೊತ್ತಿಗೆ, 1850ರಲ್ಲಿ, ಸರ್ಬ್ ಮತ್ತು ಕ್ರೊಯೇಟ್ ಬರಹಗಾರರು ವಿಯೆನ್ನಾದಲ್ಲಿ ಒಟ್ಟಿಗೆ ಕೂತು, ನಮ್ಮಿಬ್ಬರಿಗೂ ಒಂದೇ ಸಾಹಿತ್ಯ ಭಾಷೆ ಇರಲಿ ಅಂತ ಒಪ್ಪಂದಕ್ಕೆ ಸಹಿ ಹಾಕಿದ್ದರು. ಭಾಷೆ ಹತ್ತಿರ ಬರುತ್ತಾ ಹೋಯಿತು, ಜನ ದೂರ ಹೋದರು. 1878ರಲ್ಲಿ ಆಸ್ಟ್ರಿಯಾ-ಹಂಗೇರಿ ಬಂತು. ಅವರ ಆಡಳಿತಗಾರ ಕಾಲಾಯ್ ‘ನೀವೆಲ್ಲ ಬೋಸ್ನಿಯನ್ನರು’ ಅಂತ ಒಂದೇ ಹೆಸರು ಅಂಟಿಸಲು ವರ್ಷಗಟ್ಟಲೆ ಒದ್ದಾಡಿದರು. ಅಂಟಲಿಲ್ಲ.

ಹಾಗಾದರೆ ಮುಸ್ಲಿಮರು ಯಾರು? ಅವರಿಗೆ ನೋಡಿಕೊಳ್ಳಲು ಪಕ್ಕದಲ್ಲಿ ಇನ್ನೊಂದು ರಾಜಧಾನಿ ಇರಲಿಲ್ಲ. ಮುಂದೆ ಇವರೆಲ್ಲ ಒಂದೇ ದೇಶವಾಗಿದ್ದ ಯುಗೊಸ್ಲಾವಿಯಾದಲ್ಲಿ ಇದಕ್ಕೊಂದು ವಿಚಿತ್ರ ಉತ್ತರ ಕಂಡುಕೊಂಡರು. 1971ರ ಜನಗಣತಿಯಲ್ಲಿ ‘ಮುಸ್ಲಿಮಾನ್’ ಅನ್ನುವುದು ಒಂದು ಜನಾಂಗದ ಹೆಸರಾಯಿತು. ದೊಡ್ಡ ಎಂ ಅಕ್ಷರದಿಂದ ಬರೆದರೆ ಜನಾಂಗ, ಚಿಕ್ಕ ಎಂ ಇದ್ದರೆ ಧರ್ಮ. ದೇವರನ್ನೇ ನಂಬದ ಕಮ್ಯುನಿಸ್ಟ್ ಕೂಡ ದೊಡ್ಡ ಎಂ ಮುಸ್ಲಿಮಾನ್ ಆಗಬಹುದಿತ್ತು! ‘ಬೋಸ್ನಿಯಾಕ್’ ಅನ್ನುವ ಹೆಸರನ್ನು ಅವರು ಅಧಿಕೃತವಾಗಿ ತೆಗೆದುಕೊಂಡಿದ್ದು 1993ರಲ್ಲಿ, ಯುದ್ಧದ ನಡುವೆ.

ಇದನ್ನು ಓದಿದಾಗ ನನಗೆ ಒಂದು ವಿಷಯ ಹೊಳೆಯಿತು. ಇಲ್ಲಿ ಧರ್ಮ ಅಂದರೆ ನಂಬಿಕೆಗಿಂತ ಜಾಸ್ತಿ ಅಜ್ಜನ ವಿಳಾಸ. ನೀವು ಪ್ರಾರ್ಥನೆ ಮಾಡುತ್ತೀರೋ ಇಲ್ಲವೋ ಯಾರಿಗೂ ಬೇಕಿಲ್ಲ. ನಿಮ್ಮ ಅಜ್ಜ ಎಲ್ಲಿ ಮಾಡುತ್ತಿದ್ದರು ಅನ್ನುವುದು ಬೇಕು.

ಧರ್ಮ ಬೇರೆಯಾದರೆ ದೇಶ ಒಡೆಯಲೇಬೇಕು ಅಂತೇನಿಲ್ಲ. ಇಲ್ಲಿಂದ ದಕ್ಷಿಣಕ್ಕೆ ಹೋದರೆ ಅಲ್ಬೇನಿಯಾ. ಅಲ್ಲೂ ಮುಸ್ಲಿಮರು, ಕ್ಯಾಥೊಲಿಕರು, ಆರ್ಥೊಡಾಕ್ಸ್ ಮೂವರೂ ಇದ್ದಾರೆ, ಆಳಿದವರೂ ಅದೇ ಆಟೋಮನ್ನರು. ಆದರೆ ಅಲ್ಬೇನಿಯನ್ ಭಾಷೆ ಸುತ್ತಮುತ್ತ ಬೇರೆ ಯಾರದ್ದೂ ಅಲ್ಲ. ಹಾಗಾಗಿ ಭಾಷೆಯೇ ಬೇಲಿಯಾಯಿತು, ಮೂವರೂ ಬೇಲಿಯ ಒಳಗೆ ಉಳಿದರು. ಬೆಲ್ಜಿಯಂ ಇನ್ನೂ ಮಜಾ. 1830ರಲ್ಲಿ ಡಚ್ ಮಾತಾಡುವ ಫ್ಲೆಮಿಶ್ ಕ್ಯಾಥೊಲಿಕರೂ ಫ್ರೆಂಚ್ ಮಾತಾಡುವ ಕ್ಯಾಥೊಲಿಕರೂ ಒಂದೇ ದೇಶವಾಗಿ, ಪ್ರೊಟೆಸ್ಟೆಂಟರ ಕೈ ಮೇಲಾಗಿದ್ದ ನೆದರ್ಲೆಂಡ್ಸ್‌ನಿಂದ ಹೊರಬಂದರು. ಹೊರಬಂದ ಮೇಲೆ ಧರ್ಮದ ವ್ಯತ್ಯಾಸ ಉಳಿಯಲಿಲ್ಲ, ಜಗಳ ಭಾಷೆಗೆ ತಿರುಗಿತು. 1968ರ ಗಲಾಟೆ ಆದಮೇಲೆ ಲೂವೆನ್ ವಿಶ್ವವಿದ್ಯಾಲಯವನ್ನೇ ಎರಡು ಮಾಡಿದರು. ಲೈಬ್ರರಿ ಪುಸ್ತಕಗಳನ್ನು ಹೇಗೆ ಹಂಚಿದರು ಗೊತ್ತಾ? ಸಮ ಸಂಖ್ಯೆಯವು ಒಬ್ಬರಿಗೆ, ಬೆಸ ಸಂಖ್ಯೆಯವು ಇನ್ನೊಬ್ಬರಿಗೆ.

ಪಕ್ಕದವರ ಹತ್ತಿರ ಇಲ್ಲದ್ದು ಏನಿದೆಯೋ ಅದನ್ನೇ ಹಿಡಿದು ‘ಇದೇ ನಾವು’ ಅನ್ನುತ್ತೇವೆ. ನನ್ನ ಲೆಕ್ಕ ಇಷ್ಟೇ. ಒಪ್ಪದಿದ್ದರೂ ಪರವಾಗಿಲ್ಲ.

ಮತ್ತೆ ಸರಾಯೆವೊ. ಈ ಗೋಡೆಯಲ್ಲಿ ಕಾಣುತ್ತಿರುವ ತೂತುಗಳ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. ಯುಗೊಸ್ಲಾವಿಯಾ ಒಡೆದಾಗ ಇಲ್ಲಿ ಯುದ್ಧ ಶುರುವಾಯಿತು. 1992ರಿಂದ 1996ರವರೆಗೆ 1,425 ದಿನ ಸರ್ಬ್ ಪಡೆಗಳು ಈ ಊರಿಗೆ ಮುತ್ತಿಗೆ ಹಾಕಿದ್ದವು. ದೇಶದಲ್ಲಿ ಸತ್ತವರು ಸುಮಾರು ಒಂದು ಲಕ್ಷ. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ ಬೋಸ್ನಿಯಾದ ಸರ್ಬ್ ಸೇನೆ 8,000ಕ್ಕೂ ಹೆಚ್ಚು ಬೋಸ್ನಿಯಾಕ್ ಗಂಡಸರನ್ನೂ ಹುಡುಗರನ್ನೂ ಕೊಂದಿತು.

ಆ ವರ್ಷದ ಕೊನೆಗೆ ಅಮೆರಿಕದ ಡೇಟನ್‌ನಲ್ಲಿ ಒಪ್ಪಂದ ಆಯಿತು. ದೇಶದ ಸಂವಿಧಾನವೇ ಆ ಒಪ್ಪಂದದ ಒಂದು ಅನುಬಂಧ. ಇಲ್ಲಿ ಒಬ್ಬ ಅಧ್ಯಕ್ಷರಿಲ್ಲ, ಮೂವರಿದ್ದಾರೆ: ಒಬ್ಬರು ಬೋಸ್ನಿಯಾಕ್, ಒಬ್ಬರು ಕ್ರೊಯೇಟ್, ಒಬ್ಬರು ಸರ್ಬ್. ಎಂಟು ತಿಂಗಳಿಗೊಮ್ಮೆ ಮುಖ್ಯಸ್ಥರ ಕುರ್ಚಿ ಕೈ ಬದಲಾಗುತ್ತದೆ. ರಾಷ್ಟ್ರಗೀತೆಗೆ ರಾಗ ಇದೆ, ಪದಗಳಿಲ್ಲ. ಯಾವ ಪದ ಹಾಕಿದರೂ ಯಾರಿಗೋ ಸರಿಬರುವುದಿಲ್ಲ, ಅಲ್ವಾ?

ಯುದ್ಧ ನಿಂತಿತು, ಅದು ಸಣ್ಣ ಸಾಧನೆಯಲ್ಲ. ಆದರೆ ಮೂರು ಖಾನೆಯಲ್ಲಿ ಯಾವುದಕ್ಕೂ ಸೇರದವರು? ಯುಗೊಸ್ಲಾವಿಯಾ ಇದ್ದಾಗ, 1981ರ ಜನಗಣತಿಯಲ್ಲಿ, 12 ಲಕ್ಷಕ್ಕೂ ಜಾಸ್ತಿ ಜನ ತಮ್ಮ ಜನಾಂಗ ‘ಯುಗೊಸ್ಲಾವ್’ ಅಂತ ಬರೆಸಿದ್ದರು. ಆ ಹೆಸರಿನ ದೇಶವೇ ಈಗಿಲ್ಲ.

ಹಾಂ, ಸಿನಗಾಗ್. ಈ ಕಲ್ಲಿನ ಕಟ್ಟಡವೇ ಅದು, 1581ರದ್ದು. 1492ರಲ್ಲಿ ಸ್ಪೇನ್ ಯಹೂದಿಗಳನ್ನು ಹೊರಹಾಕಿದಾಗ ಅವರಲ್ಲಿ ಅನೇಕರು ಆಟೋಮನ್ ಊರುಗಳಿಗೆ ಬಂದರು. ಸರಾಯೆವೊಗೂ ಬಂದರು, ಇಲ್ಲಿಯವರೇ ಆದರು. ಸರಾಯೆವೊದ ಯಾಕೊಬ್ ಫಿಂತ್ಸಿ ಯಹೂದಿ. ಅವರು ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವಂತಿಲ್ಲ. ರೋಮಾ ಸಮುದಾಯದ ದೆರ್ವೊ ಸೆಯ್ದಿಚ್ ಕೂಡ ನಿಲ್ಲುವಂತಿಲ್ಲ. ಇಬ್ಬರೂ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2009ರ ಡಿಸೆಂಬರ್‌ನಲ್ಲಿ ಗೆದ್ದರು. ಅದಾಗಿ ಹದಿನೈದು ವರ್ಷ ಕಳೆದರೂ ಆ ನಿಯಮ ಸಂವಿಧಾನದಲ್ಲಿ ಹಾಗೇ ಇತ್ತು.

ಆ ಸಂವಿಧಾನದ ಮೊದಲ ಪುಟದಲ್ಲಿ ಮೂರು ಜನಾಂಗಗಳ ಹೆಸರಿದೆ. ಅವುಗಳ ಪಕ್ಕದಲ್ಲಿ, ಬಾಗಿಲ ಮೇಲೆ 1581 ಅಂತ ಹಾಕಿಕೊಳ್ಳಬಲ್ಲ ಈ ಜನರಿಗೆ ಇರುವುದು ಒಂದೇ ಪದ: ‘ಇತರರು’.