ಸ್ನಾನ ಬೇಡ ಎನ್ನುವವರ ಜೊತೆ

ಕೇಳುಗರಿಗೆ ನಮಸ್ಕಾರ.

“ನನ್ನ ಸ್ನಾನ ಆಗಲೇ ಆಯ್ತು.” ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ ಇರುವವರ ಮನೆಗಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಮೈಮೇಲೆ ನಾಲ್ಕು ದಿನದ ಬಟ್ಟೆ ಇರುತ್ತದೆ, ಆದರೂ ಆಯ್ತು ಅನ್ನುತ್ತಾರೆ. ಅದು ಸುಳ್ಳಲ್ಲ, ಹಠವೂ ಅಲ್ಲ. ಅವರ ಮಟ್ಟಿಗೆ ಸ್ನಾನ ನಿಜಕ್ಕೂ ಆಗಿದೆ. ವಾದ ಮಾಡಬೇಡಿ. ಬೇರೆ ಮಾತಾಡಿ, ಅರ್ಧ ಗಂಟೆ ಬಿಟ್ಟು ಮತ್ತೆ ಕರೆಯಿರಿ. ಎಷ್ಟೋ ಸಲ ಎದ್ದು ಬರುತ್ತಾರೆ.

ನನ್ನ ಅಮ್ಮ ಬಚ್ಚಲ ಬಾಗಿಲಲ್ಲೇ ನಿಂತುಬಿಡುತ್ತಿದ್ದರು. “ಒಳಗೆ ಯಾರೋ ಇದ್ದಾರೆ” ಅನ್ನುತ್ತಿದ್ದರು. ವಾರಗಟ್ಟಲೆ ನನಗೆ ಅರ್ಥವಾಗಲಿಲ್ಲ. ಗೋಡೆಯ ಕನ್ನಡಿಯಲ್ಲಿ ಕಾಣುವ ಹೆಂಗಸು ತಾನೇ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಗುರುತಿಲ್ಲದವರ ಎದುರು ಯಾರು ತಾನೇ ಬಟ್ಟೆ ಬಿಚ್ಚುತ್ತಾರೆ? ಕನ್ನಡಿಗೆ ಬಟ್ಟೆ ಹೊದಿಸಿದೆ, ಅವರು ಒಳಗೆ ಬಂದರು. ಅದಕ್ಕೂ ಮೊದಲು ಒಂದು ದಿನ ಗದರಿದ್ದೆ. ಗದರಿದ್ದನ್ನು ಅವರು ಬೇಗ ಮರೆತರು. ಮುಖದ ಮೇಲಿನ ಹೆದರಿಕೆ ಮಾತ್ರ ಸಂಜೆಯವರೆಗೂ ಹೋಗಲಿಲ್ಲ.

ಹೆದರಿಕೆಗೆ ಬೇರೆ ಕಾರಣಗಳೂ ಇರುತ್ತವೆ. ಕಣ್ಣು ಚೆನ್ನಾಗಿದ್ದರೂ ಆಳ, ದೂರ ಅಳೆಯುವ ಶಕ್ತಿ ಮಿದುಳಿನಲ್ಲಿ ಕುಗ್ಗಿರಬಹುದು. ಕಪ್ಪು ಚಾಪೆ ಗುಂಡಿಯಂತೆ ಕಾಣಬಹುದು. ಶವರಿನ ನೀರು ತಲೆಯ ಮೇಲೆ ದಿಢೀರನೆ ಬಿದ್ದರೆ ಬೆಚ್ಚಿಬೀಳುತ್ತಾರೆ. ಹಾಗಾಗಿ ಕೋಣೆ ಬೆಚ್ಚಗಿರಲಿ, ಬೆಳಕಿರಲಿ. ಸೋಪು, ಟವೆಲು, ಬಟ್ಟೆ ಮೊದಲೇ ಕೈಗೆಟುಕುವಲ್ಲಿ ಇರಲಿ, ನಡುವೆ ಅವರನ್ನು ಒಂಟಿಯಾಗಿ ಬಿಟ್ಟು ಹೋಗುವಂತಿಲ್ಲ. ಜಾರದ ಕುರ್ಚಿಯಲ್ಲಿ ಕೂರಿಸಿ. ನೀರಿನ ಬಿಸಿಯನ್ನು ನೀವೇ ಮುಟ್ಟಿ ನೋಡಿ. ಸುಡುತ್ತಿದೆ ಎಂದು ಹೇಳಲು ಅವರಿಗೆ ಆಗದೇ ಇರಬಹುದು. ಹೆಗಲಿಗೂ ತೊಡೆಗೂ ಟವೆಲು ಹೊದಿಸಿ, ಅದರಡಿಯಲ್ಲೇ ತೊಳೆಯಿರಿ. ಮಾನ ಅವರಿಗೆ ಮರೆತುಹೋಗಿಲ್ಲ. ಪಾದದಿಂದ ಶುರು ಮಾಡಿ, ತಲೆಗೆ ಕೊನೆಯಲ್ಲಿ ನೀರು ಹಾಕಿ. “ಈಗ ಕೈ ಎತ್ತಿ”, ಇಷ್ಟೇ; ಒಂದು ಸಲಕ್ಕೆ ಒಂದೇ ಮಾತು. ಮೈ ಉಜ್ಜುವ ಬಟ್ಟೆಯನ್ನು ಅವರ ಕೈಗೂ ಕೊಡಿ, ತಮಗಾದಷ್ಟು ಅವರೇ ಉಜ್ಜಿಕೊಳ್ಳಲಿ, ನಿಧಾನವಾದರೂ ಸರಿ.

ದಿನವೂ ಪೂರ್ತಿ ಸ್ನಾನ ಆಗಲೇಬೇಕೆಂದಿಲ್ಲ. ವಾರಕ್ಕೆ 2–3 ಸಲ ಸಾಕು. ಉಳಿದ ದಿನ ಮುಖ, ಕೈ, ಕಂಕುಳು, ತೊಡೆಸಂದುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಚರ್ಮದ ಮಡಿಕೆಗಳಲ್ಲಿ ತೇವ ಉಳಿಯದಂತೆ ಒಣಗಿಸಿ.

ಒಂದೆರಡು ದಿನದಲ್ಲೇ ಗೊಂದಲ, ಸಿಟ್ಟು ದಿಢೀರನೆ ಹೆಚ್ಚಿದರೆ ಕಾಯಿಲೆಯೇ ಬೆಳೆಯಿತು ಅಂದುಕೊಳ್ಳಬೇಡಿ. ಮೂತ್ರದ ಸೋಂಕು ಇರಬಹುದು, ಮಲಬದ್ಧತೆ ಇರಬಹುದು, ಬಾಯಿಬಿಟ್ಟು ಹೇಳಲಾಗದ ಹಲ್ಲುನೋವೂ ಇರಬಹುದು. ಬೇಗ ವೈದ್ಯರಿಗೆ ತೋರಿಸಿ.

ಹಲ್ಲಿನ ವಿಷಯ ಬಂತು. ಬ್ರಷ್ ಕೈಗೆ ಕೊಟ್ಟರೆ ಸುಮ್ಮನೆ ಹಿಡಿದು ನಿಲ್ಲುತ್ತಾರಲ್ಲ, ಆಗ ಪಕ್ಕದಲ್ಲಿ ನಿಂತು ನೀವೂ ಹಲ್ಲುಜ್ಜಿ. ನಿಮ್ಮನ್ನು ನೋಡುತ್ತಾ ಅವರ ಕೈ ತಾನಾಗಿ ಮೇಲೇಳಬಹುದು.

ನಮಸ್ಕಾರ.